ಹಳೇ ಏಡಿ, ಹೊಸ ಏಡಿ

ಹೊಸ ಗಾಡಿ ಹುಬ್ಬಳ್ಳಿಯಿಂದ ಲಾರಿಯಲ್ಲಿ ಬರುವ ದಿನ ಮಾಬ್ಲ ಹರಿಕಂತ್ರ ಎರಡು ಸಲ ಮಿಂದ. ಒಮ್ಮೆ ಬೆಳಿಗ್ಗೆ ರೂಢಿಯಂತೆ, ಇನ್ನೊಮ್ಮೆ ಲಾರಿ ಹೊನ್ನಾವರ ದಾಟಿತು ಎಂದು ಫೋನ್ ಬಂದ ಮೇಲೆ.

ಅಪ್ಸರಕೊಂಡದ ಗುಡ್ಡ ಇಳಿದರೆ ಸಿಗುವ ಉದ್ದನೆಯ ಮರಳ ದಂಡೆಯಲ್ಲಿ ಅವನು ಜೀವರಕ್ಷಕ. ಇಪ್ಪತ್ತು ವರ್ಷ ಬೋಟಿನಲ್ಲಿ ಬಲೆ ಎಳೆದು, ಸೊಂಟ ಸಾಕೆಂದಾಗ ಈ ಕೆಲಸಕ್ಕೆ ಬಂದವನು. ಕಡಲತೀರದ ಸಮಿತಿಯವರು ಆಗ ಅವನಿಗೆ ಒಂದು ಹಳದಿ ಅಂಗಿ, ಒಂದು ಸೀಟಿ ಮತ್ತು ನಾಲ್ಕು ಚಕ್ರದ ಒಂದು ಮರಳುಗಾಡಿ ಕೊಟ್ಟಿದ್ದರು. ಕಂಪನಿಯವರು ಗಾಡಿಗೆ ಇಟ್ಟ ಹೆಸರು ಡ್ಯೂನೋ ೪೦೦. ಬೈಕಿನಂಥ ಹ್ಯಾಂಡಲು, ಬೈಕಿನಂಥದೇ ಸೀಟು, ಕೆಳಗೆ ಮಾತ್ರ ಊದಿಕೊಂಡ ನಾಲ್ಕು ಟೈರು. ಅದು ಮರಳ ಮೇಲೆ ಹೋಗುವ ಪರಿ ನೋಡಿ ಊರವರು ಏಡಿ ಎಂದರು. ಅದೇ ಹೆಸರು ನಿಂತಿತು.

ಒಂಬತ್ತು ವರ್ಷದಲ್ಲಿ ಏಡಿಯ ಒಂದೊಂದೇ ಅಂಗ ಕಡಲಿಗೆ ಸಂದಿತ್ತು. ಸ್ಟಾರ್ಟಿನ ಗುಂಡಿ ಮೊದಲು ಹೋಯಿತು. ಅಲ್ಲಿಂದ ಮುಂದೆ ಪಕ್ಕದ ಹಗ್ಗ ಎಳೆದು ಎಬ್ಬಿಸಬೇಕಾಯಿತು, ಅದೂ ಏಳರಿಂದ ಹನ್ನೊಂದು ಸಲ. ನಂತರ ರಿವರ್ಸ್ ಗೇರು ಹೋಯಿತು. ಎಲ್ಲಿ ನಿಲ್ಲಿಸುವುದಿದ್ದರೂ ಮುಂದೆ ಹೊರಳಲು ಜಾಗ ಉಂಟೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಬೇಕು. ಸೀಟಿನ ಸ್ಪಂಜು ಇದ್ದಲ್ಲಿ ಹರಿದ ಬಲೆಯ ಮುದ್ದೆ ಬಂತು. ಕರಾವಳಿಯಲ್ಲಿ ಈ ಗಾಡಿಯ ಒಳಗು ಬಲ್ಲವನು ಭಟ್ಕಳದ ಒಬ್ಬ ಮುದುಕ ಮೆಕ್ಯಾನಿಕ್ ಮಾತ್ರ. ಅವನೂ ಹೋದ ಮಳೆಗಾಲದಲ್ಲಿ ಇಂಜಿನ್ನಿಗೆ ಕಿವಿಯಿಟ್ಟು ಕೇಳಿ, "ಇದಕ್ಕೆ ಇನ್ನು ದವಾ ಅಲ್ಲ, ದುವಾ ಬೇಕು" ಎಂದು, ಔಷಧ ಬಿಟ್ಟು ಪ್ರಾರ್ಥನೆಗೆ ಒಪ್ಪಿಸಿ ಕೈ ಒರೆಸಿಕೊಂಡಿದ್ದ.

ನಾಲ್ಕು ವರ್ಷದಿಂದ ಮಾಬ್ಲ ಹೊಸ ಗಾಡಿಗೆ ಅರ್ಜಿ ಕೊಡುತ್ತಲೇ ಬಂದಿದ್ದ. ಹಾಗಾಗಿ, ಹೊನ್ನಾವರದ ಮೊಬೈಲ್ ಚಾನೆಲ್ಲಿನ ಅಮಿತಾ ಎಂಬಾಕೆ ಮೈಕು ಮುಂದೆ ಹಿಡಿದು, "ಇಷ್ಟು ವರ್ಷದ ಒಡನಾಡಿನ ಬಿಟ್ಕೊಡ್ಲಿಕ್ಕೆ ಬೇಜಾರಾಗ್ತಿಲ್ವಾ?" ಎಂದಾಗ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಾವ ಒಡನಾಡಿ?"

"ಈ ಹಳೇ ಗಾಡಿ."

"ಎಂತಕ್ಕೆ ಬೇಜಾರು? ಇವತ್ತೇ ತಕಂಡೋಗ್ತೆ ಅಂದ್ರೆ ಇವತ್ತೇ ಕೊಡ್ತೆ."

ಅಮಿತಾ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಈ ಸಲ ದನಿ ನಡುಗಿಸಿ ಕೇಳಿದಳು. ಮಾಬ್ಲ ದನಿ ನಡುಗಿಸದೆ ಅದೇ ಉತ್ತರ ಕೊಟ್ಟ. ಸಂಜೆ ಬಂದ ವಿಡಿಯೋದಲ್ಲಿ ಅವನ ಮಾತು ತೆಗೆದು ಕೊಳಲಿನ ದನಿ ಸೇರಿಸಿದ್ದರು. ಕೆಳಗೆ ‘ಮಾತೇ ಹೊರಡದೆ ನಿಂತ ಮಾಬ್ಲ’ ಎಂದು ಬರೆದಿತ್ತು.

ಹೊಸ ಗಾಡಿಯ ಹೆಸರು ಡ್ಯೂನೋ ೪೦೦ ಪ್ಲಸ್. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದಾಗ ಅದರ ಕೆಂಪು ಬಣ್ಣಕ್ಕೆ ದಂಡೆಯ ಮೇಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮಾಬ್ಲ ಕೀಲಿಗೆ ಕೈ ಚಾಚಿದ. ಕೀಲಿ ಅವನ ಕೈಯ ಪಕ್ಕದಿಂದ ಹಾದು ಸಮಿತಿಯ ಅಧ್ಯಕ್ಷ ರಮಾನಂದರ ಜೇಬು ಸೇರಿತು.

"ತಡಿ ಮಾಬ್ಲ. ಹೊಸದು ಬಂತು ಅಂದೇಳಿ ಹಳೇದನ್ನ ಬಿಸಾಡ್ಲಿಕ್ಕೆ ಬತ್ತದ್ಯಾ? ಹಳೇದಕ್ಕಿಂತ ಹೊಸದು ಒಳ್ಳೇದು ಅಂತ ಮೊದ್ಲು ಕಾಗದದಲ್ಲಿ ಆಗ್ಬೇಕು."

ರಮಾನಂದರು ಮೂವತ್ತೊಂದು ವರ್ಷ ಸರ್ಕಾರಿ ಉಗ್ರಾಣವೊಂದನ್ನು ಕಾದು ನಿವೃತ್ತರಾದವರು. ತಮ್ಮ ಕಾಲದಲ್ಲಿ ಅಲ್ಲಿ ಒಂದೇ ಒಂದು ಸಾಮಾನು ಕೆಟ್ಟಿರಲಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಯಾವುದನ್ನೂ ಯಾರಿಗೂ ಕೊಟ್ಟಿರಲಿಲ್ಲವಾದ್ದರಿಂದ ಅದು ನಿಜವೂ ಆಗಿತ್ತು.

ಹೋಲಿಕೆ ವರದಿ ಬರೆಯುವ ಕೆಲಸ ಪ್ರದೀಪ ಹೆಗಡೆಯ ತಲೆಗೆ ಬಿತ್ತು. ಸಂತೆಗುಳಿ ಕಡೆಯವನು. ಕುಮಟಾದ ಒಂದು ತರಬೇತಿ ಕೇಂದ್ರದಲ್ಲಿ ಮೋಟಾರು ವಿಭಾಗದ ಮೇಷ್ಟ್ರು, ಸಮಿತಿಯ ತಾಂತ್ರಿಕ ಸದಸ್ಯ. ಇಂಜಿನ್ನಿನ ವಿಷಯದಲ್ಲಿ ಸುಳ್ಳು ಹೇಳಲು ಬಾರದ ಮನುಷ್ಯ, ಮಿಕ್ಕ ವಿಷಯದಲ್ಲಿ ಯಾರಿಗೂ ಇಲ್ಲ ಎನ್ನಲು ಬಾರದವನು. ಮರುದಿನ ಬೆಳಿಗ್ಗೆ ಏಳಕ್ಕೆ ಅವನು ಅಳತೆಯ ಟೇಪು, ಸ್ಟಾಪ್‌ವಾಚು, ತೂಕದ ಕಲ್ಲು ಹಿಡಿದು ಬಂದ. ರಮಾನಂದರು ತಮ್ಮ ಹಳೆಯ ಕಚೇರಿಯಿಂದ ತಂದಿಟ್ಟುಕೊಂಡಿದ್ದ ಹೋಲಿಕೆಯ ನಮೂನೆಯನ್ನು ಅವನ ಕೈಗಿತ್ತರು. ಇಪ್ಪತ್ತೆರಡು ಕಲಮು, ಪ್ರತಿಯೊಂದಕ್ಕೂ ಹತ್ತು ಅಂಕ.

ಪ್ರದೀಪ ಅದನ್ನು ಓದಿ, ತಿರುಗಿಸಿ, ಮತ್ತೆ ಓದಿದ.

"ಸಾರ್, ಇದು ಜೆರಾಕ್ಸ್ ಮಷಿನ್ ಹೋಲ್ಸಿ ನೋಡುವ ಫಾರ್ಮು."

"ಮಷಿನ್ ಹೌದೋ ಅಲ್ವೋ?"

"ಹೌದು. ಆದ್ರೆ ಇಲ್ನೋಡಿ, ನಿಮಿಷಕ್ಕೆ ಎಷ್ಟು ಪುಟ ಅಂತ ಕೇಳ್ತದೆ."

"ಎಷ್ಟು ಪುಟ ಬತ್ತದೋ ಅಷ್ಟು ಬರಿ. ಖಾಲಿ ಬಿಡೂ ಹಾಂಗಿಲ್ಲ."

ಹಳೇ ಏಡಿ ನಿಮಿಷಕ್ಕೆ ಸೊನ್ನೆ ಪುಟ, ಹೊಸ ಏಡಿ ನಿಮಿಷಕ್ಕೆ ಸೊನ್ನೆ ಪುಟ ಎಂದು ಪ್ರದೀಪ ಬರೆದು ಎರಡಕ್ಕೂ ಸಮ ಅಂಕ ಹಾಕಿದ. ಕಾಗದ ಸಿಕ್ಕಿಕೊಳ್ಳುವ ಸಾಧ್ಯತೆ ಎಂಬ ಕಲಮಿನಲ್ಲಿ ಎರಡಕ್ಕೂ ಹತ್ತಕ್ಕೆ ಹತ್ತು ಬಂತು.

ಮಿಕ್ಕದ್ದನ್ನು ಅವನು ಶ್ರದ್ಧೆಯಿಂದಲೇ ಮಾಡಿದ. ಕಾವಲು ಗೋಪುರದಿಂದ ಗಾಳಿ ಮರಗಳ ತೋಪಿನವರೆಗೆ ಹಳೇ ಏಡಿ ನಲವತ್ತೇಳು ಸೆಕೆಂಡಿಗೆ ಹೋಯಿತು, ಹೊಸದು ಇಪ್ಪತ್ತೆಂಟಕ್ಕೆ. ಮರಳ ದಿಬ್ಬ ಹತ್ತುವಾಗ ಹಳೆಯದು ನಡುದಾರಿಯಲ್ಲಿ ನಿಂತು ಕೆಮ್ಮಿತು. ಭಾರ ಹೊರುವ ಪರೀಕ್ಷೆಗೆ ತೂಕದ ಕಲ್ಲು ಸಾಲದೆ ರಮಾನಂದರೇ ಹಿಂದೆ ಕೂತರು. ಹಳೇ ಏಡಿಯಿಂದ ಇಳಿದಾಗ ಅವರ ಪಂಚೆಗೆ ಬಲೆಯ ಗಂಟುಗಳ ಅಚ್ಚು ಬಿದ್ದಿತ್ತು. ಹೊಸದರಿಂದ ಅವರು ಇಳಿಯಲೇ ಇಲ್ಲ, ಇನ್ನೊಂದು ಸುತ್ತು ಹಾಕಲು ಹೇಳಿದರು.

ಎರಡನ್ನೂ ಓಡಿಸಿದವನು ಮಾಬ್ಲ. ಹೊಸದರ ಗುಂಡಿ ಒತ್ತಿದೊಡನೆ ಇಂಜಿನ್ನು ಎದ್ದದ್ದು ನೋಡಿ ಅವನ ಬಲಗೈ ಅಭ್ಯಾಸಬಲದಿಂದ ಇಲ್ಲದ ಹಗ್ಗಕ್ಕೆ ಚಾಚಿತು. ಹ್ಯಾಂಡಲು ಬೆರಳಿಗೇ ತಿರುಗುತ್ತಿತ್ತು. ರಿವರ್ಸಿನಲ್ಲಿ ನೂರು ಅಡಿ ಹಿಂದೆ ಹೋಗಿ ಬಂದ, ಮತ್ತೆ ಹೋಗಿ ಬಂದ. ಪ್ರದೀಪ ಸಾಕು ಎಂದರೂ ಮೂರನೇ ಸಲ ಹೋದ. ಒಂಬತ್ತು ವರ್ಷದ ಮೇಲೆ ಮೊದಲ ಬಾರಿಗೆ ಗಾಡಿಯಿಂದಿಳಿದು ಅವನು ಸೊಂಟ ಹಿಡಿದುಕೊಳ್ಳಲಿಲ್ಲ.

ಮಧ್ಯಾಹ್ನ ಪ್ರದೀಪನಿಗೆ ಮನೆಯಿಂದ ಫೋನ್ ಬಂತು. "ಇಲ್ಲೆ ಮಾರಾಯ್ತಿ, ಇನ್ನೂ ಮುಗದ್ದಿಲ್ಲೆ. ಶಾಯಿ ಎಷ್ಟು ಕುಡಿತು ಹೇಳಿ ಬರೆಯದು ಬಾಕಿ ಇದ್ದು. ಊಟಕ್ಕೆ ಬತ್ತೆ" ಎಂದು ಅವನು ಹೆಂಡತಿ ವಿಭಾಳಿಗೆ ಹೇಳುವುದು ಮಾಬ್ಲನಿಗೆ ಕೇಳಿಸಿತು.

ವರದಿಯಲ್ಲಿ ಹೊಸ ಏಡಿಗೆ ನೂರ ತೊಂಬತ್ತೆಂಟು, ಹಳೆಯದಕ್ಕೆ ಎಂಬತ್ತೊಂದು. ‘ಸಿಬ್ಬಂದಿಗೆ ಇರುವ ಪರಿಚಯ’ ಎಂಬ ಒಂದೇ ಒಂದು ಕಲಮಿನಲ್ಲಿ ಹಳೆಯದು ಗೆದ್ದಿತ್ತು. ಕೊನೆಯಲ್ಲಿ ಪ್ರದೀಪ, ‘ಹಳೆಯ ವಾಹನವು ಬಳಕೆಗೆ ಯೋಗ್ಯವಲ್ಲ, ಹೊಸ ವಾಹನವು ಎಲ್ಲ ರೀತಿಯಿಂದಲೂ ಅತ್ಯುತ್ತಮವೂ ಬೆಲೆಬಾಳುವಂಥದೂ ಆಗಿದೆ’ ಎಂದು ಬರೆದ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಬೆಲೆಬಾಳುವಂಥದು ಎಂಬ ಮಾತು ರಮಾನಂದರ ಒಳಗಿನ ಉಗ್ರಾಣ ಕಾಯುವವನನ್ನು ಎಬ್ಬಿಸಿತು. ಅವರು ಕಂಪನಿಯ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಎಪ್ಪತ್ತೊಂದನೇ ಪುಟದಲ್ಲಿ, ಉಪ್ಪುನೀರಿನಿಂದಾದ ಹಾನಿಗೆ ಕಂಪನಿ ಹೊಣೆಯಲ್ಲ ಎಂದಿತ್ತು. ಎಪ್ಪತ್ತೆರಡರಲ್ಲಿ ಮರಳಿನಿಂದಾದದ್ದಕ್ಕೂ ಇಲ್ಲ ಎಂದಿತ್ತು.

ವಾರದೊಳಗೆ ಮರಳಿಗೂ ಡಾಂಬರು ರಸ್ತೆಗೂ ನಡುವೆ ತಗಡಿನ ಒಂದು ಶೆಡ್ಡು ಎದ್ದಿತು. ಹೊಸ ಏಡಿ ತನ್ನ ಕೀಲಿಯ ಸಮೇತ ಅದರೊಳಗೆ ಹೋಯಿತು. ಮೇಲೆ ತಾಡಪತ್ರಿ, ಹೊರಗೆ ಬೀಗ, ಬೀಗಕ್ಕೆ ಗ್ರೀಸು. ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿದರು: ‘ತುರ್ತು ವಾಹನ. ಅಧ್ಯಕ್ಷರ ಅನುಮತಿ ಇಲ್ಲದೆ ತೆಗೆಯಬಾರದು.’ ಯಾರಾದರೂ ದೊಡ್ಡವರು ಬಂದರೆ ಕಾರಿನಿಂದ ವೇದಿಕೆಯವರೆಗೆ, ಕಾಂಕ್ರೀಟಿನ ಮೇಲೆ, ನಲವತ್ತು ಹೆಜ್ಜೆ ಅದನ್ನು ಓಡಿಸುವುದು ಎಂದು ಠರಾವಾಯಿತು.

"ಹಂಗಾರೆ ನಾ ಎಂತದ್ರಲ್ಲಿ ತಿರುಗೂದು?" ಮಾಬ್ಲ ಕೇಳಿದ.

"ಹಳೇದುಂಟಲ್ಲ."

"ಅದು ಯೋಗ್ಯ ಅಲ್ಲ ಅಂದೇಳಿ ನಿಮ್ಮ ಕಾಗದದಲ್ಲೇ ಬರ್ದದೆ."

"ಬರ್ದದೆ. ಆದ್ರೆ ಹೊಸದು ಬಳಕೆಗೆ ಬಂದ ಮೇಲೇ ಹಳೇದನ್ನ ತೆಗೀಬೇಕು ಅಂತ್ಲೂ ನಿಯಮ ಉಂಟು. ಹೊಸದು ಬಳಕೆಗೆ ಬಂದದ್ಯಾ?"

"ನೀವು ಕೊಟ್ರೆ ಅಲ್ವಾ ಬರೂದು?"

"ಅದೇ ಮತ್ತೆ" ಎಂದರು ರಮಾನಂದರು, ಮಾಬ್ಲ ತಮ್ಮ ಮಾತನ್ನೇ ಒಪ್ಪಿದನೆಂಬಂತೆ.

ಮಾಬ್ಲ ಹಳೆಯದನ್ನೇ ಎಳೆದುಕೊಂಡು ತಿರುಗಿದ. ಹದಿನೈದು ದಿನಕ್ಕೆ ಅದರ ಎಳೆಯುವ ಹಗ್ಗ ತುಂಡಾಯಿತು. ಹೊಸ ಹಗ್ಗಕ್ಕೆ ಬರೆದ ಅರ್ಜಿ, ‘ಬಳಕೆಗೆ ಯೋಗ್ಯವಲ್ಲದ ವಾಹನಕ್ಕೆ ದುರಸ್ತಿಯ ಅಗತ್ಯ ಕಂಡುಬರುವುದಿಲ್ಲ’ ಎಂಬ ಷರಾದೊಂದಿಗೆ ವಾಪಸು ಬಂತು. ಅವನು ಬೋಟಿನವರಿಂದ ಬಲೆಯ ಹಗ್ಗ ತಂದು ಕಟ್ಟಿಕೊಂಡ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ತಿಮ್ಮಿ ಎಲ್ಲ ಕೇಳಿಸಿಕೊಂಡಳು. ಕಾಸರಕೋಡಿನ ಬಂದರಿನಲ್ಲಿ ಮೀನು ಹರಾಜು ಕೂಗಿ ಪಳಗಿದ ಬಾಯಿ ಅವಳದು.

"ಒಂದ್ ಕೆಲ್ಸ ಮಾಡಿ. ಮುಳುಗೂರಿಗೆಲ್ಲ ಹೇಳಿ, ಕಾಂಕ್ರೀಟಿನ ಮೇಲೇ ಬಂದು ಮುಳುಗಿ, ಅಲ್ಲಾದ್ರೆ ಬತ್ತೆ ಅಂದೇಳಿ."

ಮಾಬ್ಲನಿಗೆ ನಗು ಬರಲಿಲ್ಲ. ನೀರಿಗಿಳಿಯುವವರನ್ನು ದಿನಾ ನೋಡುವವನು ಅವನು. ದಕ್ಷಿಣದ ಬಂಡೆಗಳ ಆಚೆ, ಗೋಪುರದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ನೀರಿನ ಸೆಳೆತ ಕೆಟ್ಟದ್ದು. ಅಲ್ಲಿ ನೀರು ಮೇಲೆ ತೆಪ್ಪಗೆ ಕಾಣುತ್ತದೆ. ಜನರೂ ಅದಕ್ಕೇ ಅಲ್ಲಿಗೇ ಹೋಗುತ್ತಾರೆ.

ದೀಪಾವಳಿ ಕಳೆದ ಭಾನುವಾರ, ಮಧ್ಯಾಹ್ನ ಮೂರೂವರೆಗೆ, ಒಬ್ಬ ಹೆಂಗಸು ಆ ಕಡೆಯಿಂದ ಸೆರಗು ಬೀಸುತ್ತ ಓಡಿ ಬಂದಳು. ದಾವಣಗೆರೆಯಿಂದ ಬಂದ ಕುಟುಂಬ. ಅವಳ ಗಂಡ, ಅವಳ ತಮ್ಮ, ಇಬ್ಬರೂ ನೀರಲ್ಲಿ. ಮಾಬ್ಲ ಹಳೇ ಏಡಿಯ ಹಗ್ಗ ಎಳೆದ. ಏಳು, ಹನ್ನೊಂದು, ಹದಿನೆಂಟು. ಏಡಿ ಏಳಲಿಲ್ಲ.

ಪ್ರದೀಪ ಅಂದು ಅಲ್ಲಿಗೆ ಬಂದಿದ್ದ. ಹೋಲಿಕೆ ವರದಿಯ ನಕಲಿಗೆ ರಮಾನಂದರ ಸಹಿ ಬೇಕಿತ್ತು. ಅವರು ಕುಮಟಾಕ್ಕೆ ಮದುವೆ ಊಟಕ್ಕೆ ಹೋದರೆಂದು ತಿಳಿದು ಎಳನೀರು ಕುಡಿಯುತ್ತ ನಿಂತಿದ್ದ. ಮಾಬ್ಲ ಶೆಡ್ಡಿನ ಕಡೆ ಓಡಿದ್ದು ನೋಡಿ ಅವನು ರಮಾನಂದರಿಗೆ ಫೋನ್ ಹಚ್ಚಿದ.

"ಸಾರ್, ಬೀಗದ ಕೀಲಿ ಎಲ್ಲುಂಟು? ಇಬ್ರು ಮುಳುಗ್ತಾ ಇದ್ದಾರೆ."

ಆ ಕಡೆಯಿಂದ ವಾಲಗದ ಸದ್ದು, ನಡುನಡುವೆ ರಮಾನಂದರ ದನಿ. "ಕೀಲಿ ನನ್ನ ಹತ್ರ ಉಂಟು. ಒಂದು ಅರ್ಜಿ ಬರ್ದು ಫೋಟೋ ತೆಗೆದು ಕಳ್ಸಿ, ಇಲ್ಲಿಂದ್ಲೇ ಅನುಮತಿ ಕೊಡ್ತೆ."

"ಅನುಮತಿ ಸಿಕ್ರೂ ಕೀಲಿ ಅಲ್ಲೇ ಉಂಟಲ್ಲ ಸಾರ್."

ರಮಾನಂದರು ಇದನ್ನು ಯೋಚಿಸುತ್ತಿರುವಾಗಲೇ ಮಾಬ್ಲ ಕಲ್ಲೆತ್ತಿ ಬೀಗಕ್ಕೆ ಹಾಕಿದ್ದ. ಮೂರನೇ ಏಟಿಗೆ ಕೊಂಡಿ ಕಿತ್ತು ಬಂತು. ಗಾಡಿಯ ಕೀಲಿ ಗಾಡಿಯಲ್ಲೇ, ಅರಿಶಿನ ದಾರ ಕಟ್ಟಿಸಿಕೊಂಡು ತೂಗುತ್ತಿತ್ತು. ಗುಂಡಿ ಒತ್ತಿದ. ಇಂಜಿನ್ನು ಎದ್ದಿತು.

"ಸಾರ್, ಕೂಕಣಿ. ಹಗ್ಗ ಎಳೀಲಿಕ್ಕೆ ಜನ ಬೇಕು."

ಪ್ರದೀಪ ಫೋನನ್ನು ಜೇಬಿಗಿಳಿಸಿ ಹಿಂದೆ ಹತ್ತಿದ. ಹೊಸ ಏಡಿ ಯಾವ ಕೆಲಸಕ್ಕೆಂದು ಬಂದಿತ್ತೋ ಆ ಕೆಲಸಕ್ಕೆ ಮೊದಲ ಸಲ ಹೊರಟಿತು. ಒದ್ದೆ ಮರಳು, ಒಣ ಮರಳು, ನಡುವಿನ ಹಳ್ಳ, ಯಾವುದನ್ನೂ ಅದು ಲೆಕ್ಕಿಸಲಿಲ್ಲ. ಬಂಡೆ ಸುತ್ತಿ ಹೋದಾಗ ಎರಡು ತಲೆಗಳು ತೆರೆಗಳಾಚೆ ಕಂಡವು, ಒಂದು ಕಂಡಾಗ ಇನ್ನೊಂದು ಕಾಣದಂತೆ.

ಮಾಬ್ಲ ಗೋಪುರದಿಂದ ತಂದಿದ್ದ ಉದ್ದ ಹಗ್ಗದ ಒಂದು ತುದಿಯನ್ನು ಗಾಡಿಯ ಮುಂದಿನ ಕೊಕ್ಕೆಗೆ ಬಿಗಿದು, ಇನ್ನೊಂದು ತುದಿಯ ತೇಲುವ ರಬ್ಬರು ಬಳೆಯನ್ನು ಹೆಗಲಿಗೆ ಹಾಕಿಕೊಂಡ.

"ಕೈ ಎತ್ತಿದ ಕೂಡ್ಲೆ ಹಿಂದೆ ತಕಣಿ. ಮೆಲ್ಲಗೆ. ಜಗ್ಗಿದ್ರೆ ಕೈ ಬಿಟ್ಬಿಡ್ತ್ರು."

ಮಾಬ್ಲ ಈಜುತ್ತ ಹೋದ. ಹಗ್ಗ ಸಾಲಲಿಲ್ಲ. ಪ್ರದೀಪ ಒಂದು ಕ್ಷಣ ಗಾಡಿಯ ಹೊಳೆಯುವ ಚಕ್ರಗಳನ್ನು ನೋಡಿದ, ಆಮೇಲೆ ಅದನ್ನು ನೇರ ನೀರಿಗಿಳಿಸಿದ. ತೆರೆ ಬಂದು ಸೀಟಿನವರೆಗೆ ತೋಯಿಸಿತು. ದೂರದಲ್ಲಿ ಮಾಬ್ಲನ ಕೈ ಮೇಲೆದ್ದಿತು. ಪ್ರದೀಪ ರಿವರ್ಸಿಗೆ ಹಾಕಿ, ಕಡಲಿನಿಂದ ಕಣ್ಣು ಕೀಳದೆ, ತರಗತಿಯಲ್ಲಿ ಹೇಳಿಕೊಡುವಂತೆಯೇ ಮೆಲ್ಲಗೆ ಹಿಂದಕ್ಕೆ ತೆಗೆದ. ಹಗ್ಗ ಬಿಗಿಯಾಯಿತು. ಮೂವರೂ ಒಟ್ಟಿಗೆ ಬಂದರು. ಭಾವ ಬಳೆಯನ್ನು ತಬ್ಬಿಕೊಂಡಿದ್ದ, ಭಾವಮೈದನನ್ನು ಮಾಬ್ಲ ಕೂದಲು ಹಿಡಿದು ತಂದಿದ್ದ. ದಡದಲ್ಲಿ ಇಬ್ಬರೂ ಬಹಳ ಹೊತ್ತು ನೀರು ಕಾರಿದರು. ಹೆಂಗಸು ಮೊದಲು ಗಂಡನಿಗೆ ಬೈದಳು, ನಂತರ ತಮ್ಮನಿಗೆ ಬೈದಳು, ಕೊನೆಗೆ ಮಾಬ್ಲನ ಕಾಲ ಬಳಿ ಕೂತು ಅತ್ತಳು. ಮಾಬ್ಲ ಏಡಿಯ ಬಿಸಿ ಇಂಜಿನ್ನಿಗೆ ಬೆನ್ನು ಕೊಟ್ಟು ಕೂತ.

ಐದು ಗಂಟೆಗೆ ರಮಾನಂದರು ಬಂದರು. ಹಣೆಯ ಮೇಲೆ ಮದುವೆಮನೆಯ ಕುಂಕುಮ ಇನ್ನೂ ಹಸಿಯಾಗಿತ್ತು. "ಬದ್ಕಿದ್ರೋ?" ಎಂದು ಕೇಳಿದರು. ಬದುಕಿದ್ದಾರೆ ಎಂದ ಮೇಲೆ ಬಗ್ಗಿ ಗಾಡಿಯ ಹೊಟ್ಟೆ ನೋಡಿದರು. ಬೈಯಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಕೊಕ್ಕೆಯನ್ನು, ಬಳಿಕ ದೀಪವನ್ನು, ಬಳಿಕ ಹೆಸರಿನ ಒಂದೊಂದು ಅಕ್ಷರವನ್ನು ಒರೆಸಿದರು. "ಹೊಸದಾಗಿತ್ತು ಮಾಬ್ಲ" ಎಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಮಾಬ್ಲನಿಗೆ ಆ ಕ್ಷಣ ಅವರ ಮೇಲೆ ಸಿಟ್ಟಿಗಿಂತ ಕನಿಕರವೇ ಹೆಚ್ಚು ಬಂತು.

ಕನಿಕರ ಬುಧವಾರದವರೆಗೆ ಉಳಿಯಿತು. ಬುಧವಾರ ಸಮಿತಿ ಅವನನ್ನು ಸಭೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟಿತು. ಬುಟ್ಟಿಯಲ್ಲಿ ಸೇಬಿನ ಕೆಳಗೆ ಒಂದು ಲಕೋಟೆ ಇತ್ತು. ಅನುಮತಿ ಇಲ್ಲದೆ ಬೀಗ ಮುರಿದು ಸಮಿತಿಯ ಬೆಲೆಬಾಳುವ ವಾಹನವನ್ನು ಸಮುದ್ರಕ್ಕೆ ಒಡ್ಡಿದ್ದಕ್ಕೆ ಏಳು ದಿನದೊಳಗೆ ಕಾರಣ ತಿಳಿಸಬೇಕೆಂಬ ನೋಟಿಸು.

"ಎರಡನ್ನೂ ಒಬ್ರೇ ಸೈನ್ ಮಾಡಿದ್ರಾ?" ತಿಮ್ಮಿ ಕೇಳಿದಳು.

"ಹೌದು. ಒಂದೇ ಪೆನ್ನಲ್ಲಿ."

"ಸೇಬು ಚಲೋ ಉಂಟು" ಎಂದು ಅವಳು ಕತ್ತರಿಸಲು ಕೂತಳು.

ನೋಟಿಸಿಗೆ ಉತ್ತರವನ್ನು ಪ್ರದೀಪ ಬರೆದುಕೊಟ್ಟ. ಆದರೆ ಉತ್ತರ ಸಾಲದು, ಹಾನಿ ಎಷ್ಟಾಗಿದೆ ಎಂಬುದೂ ಕಾಗದದಲ್ಲಿ ಆಗಬೇಕು ಎಂದರು ರಮಾನಂದರು. ಹಾಗಾಗಿ ಇನ್ನೊಂದು ಹೋಲಿಕೆ ವರದಿ. ಒಂದು ಕಡೆ ಭಾನುವಾರ ಮೂರೂವರೆಯ ಹಿಂದಿನ ಹೊಸ ಏಡಿ, ಇನ್ನೊಂದು ಕಡೆ ಅದೇ ಏಡಿ, ಮೂರೂವರೆಯ ನಂತರದ್ದು. ಅದೇ ಇಪ್ಪತ್ತೆರಡು ಕಲಮಿನ ನಮೂನೆ.

ಪ್ರದೀಪ ಕೊಕ್ಕೆಯ ಮೇಲೆ ಎದ್ದ ಕೆಂಪು ತುಕ್ಕನ್ನು ಉಗುರಿನಿಂದ ಕೆರೆದು ನೋಡಿ, ನಮೂನೆಯ ಮೊದಲ ಸಾಲು ಬರೆದ, ಹೊಡೆದುಹಾಕಿದ, ಮತ್ತೆ ಬರೆದು ಹೊಡೆದುಹಾಕಿದ.

"ಎಂತ ಆತು ಸಾರ್?" ಮಾಬ್ಲ ಕೇಳಿದ.

"ಹಳೇದು ಅನ್ನೋ ಕಡೆ ಯಾವ್ದು ಬರಿಯೂದು ಮಾರಾಯ? ಮೊದ್ಲಿನದು ಹಳೇದು, ಆದ್ರೆ ಹೊಸದಾಗಿತ್ತು. ಈಗಿನದು ಹೊಸದು, ಆದ್ರೆ ಹಳೇದಾಗಿದೆ."

"ಯಾವ್ದಾದ್ರೂ ಬರೀರಿ. ಸತ್ಯ ಬರೀರಿ, ಸಾಕು."

ಪ್ರದೀಪ ಸತ್ಯ ಬರೆದ. ವೇಗ ಮೊದಲಿನಷ್ಟೇ, ಎಳೆತ ಮೊದಲಿನಷ್ಟೇ, ನಿಮಿಷಕ್ಕೆ ಪುಟ ಮೊದಲಿನಷ್ಟೇ. ತುಕ್ಕು ಸ್ವಲ್ಪ. ಕಂಪನಿಯ ಹೊಣೆಗಾರಿಕೆ ಮುಗಿದಿದೆ. ಮಾರಿದರೆ ಮೊದಲಿನ ಬೆಲೆ ಬಾರದು. ಕೊನೆಯ ವಾಕ್ಯಕ್ಕೆ ಬಂದಾಗ ಅವನು ಪೆನ್ನು ಕಚ್ಚಿ ದಂಡೆಯ ಕಡೆ ನೋಡಿದ. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ, ಉಗ್ರಾಣದ ಭಾಷೆಯಲ್ಲೇ ಬರೆದ: ‘ಮೌಲ್ಯ ಕುಸಿದಿರುವುದರಿಂದ ಈ ವಾಹನವು ಶೆಡ್ಡಿನಲ್ಲಿಟ್ಟು ಸಂರಕ್ಷಿಸಲು ಅನರ್ಹ. ಇನ್ನು ಮುಂದೆ ಕಡಲತೀರದ ಬಳಕೆಗೆ ಮಾತ್ರ ಯೋಗ್ಯ.’

ರಮಾನಂದರು ಆ ವಾಕ್ಯವನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. ತಪ್ಪು ಸಿಗಲಿಲ್ಲ. ಕೆಟ್ಟ ಸಾಮಾನನ್ನು ಉಗ್ರಾಣದಲ್ಲಿ ಇಡುವುದು ಅವರ ಮೂವತ್ತೊಂದು ವರ್ಷದ ಹೆಸರಿಗೇ ಕಳಂಕ. ಮರುದಿನ ಬೆಳಿಗ್ಗೆ ಅವರೇ ಗೋಪುರದ ಹತ್ತಿರ ಬಂದು ಕೀಲಿಯನ್ನು ಮಾಬ್ಲನ ಅಂಗೈಗೆ ಹಾಕಿದರು.

"ತಕ. ಹೇಂಗೂ ಹಾಳಾಯ್ತಲ್ಲ, ಇನ್ನು ನೀನೇ ಇಟ್ಕ."

ಮಾಬ್ಲ ದಿನಾ ಸಂಜೆ ಬಾವಿಯಿಂದ ಸಿಹಿನೀರು ಸೇದಿ ಗಾಡಿ ತೊಳೆಯತೊಡಗಿದ. ಕೊಕ್ಕೆಗೆ ತೆಂಗಿನೆಣ್ಣೆ ಹಚ್ಚಿದ. ನೋಟಿಸು ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಹಳೇ ಏಡಿಯನ್ನು ಗುಜರಿಯವರು ಟೆಂಪೋದಲ್ಲಿ ಹಾಕಿಕೊಂಡು ಹೋಗುವಾಗ ಮಾಬ್ಲ ದಂಡೆಯ ಆ ತುದಿಯಲ್ಲಿದ್ದ, ಹೋದದ್ದು ಅವನಿಗೆ ಗೊತ್ತಾಗಿದ್ದು ಮರುದಿನ.

ಖಾಲಿ ಶೆಡ್ಡು ರಮಾನಂದರನ್ನು ಚುಚ್ಚತೊಡಗಿತು. ಚಳಿಗಾಲ ಮುಗಿಯುವ ಹೊತ್ತಿಗೆ ಕಂಪನಿ ಡ್ಯೂನೋ ೫೦೦ ಬಿಡುತ್ತದೆಂಬ ಸುದ್ದಿ ಬಂತು. ಅವರು ಅರ್ಜಿ ಬರೆದರು. ಒಂದು ಶನಿವಾರ ಪ್ರದೀಪ ಮತ್ತೆ ಕುಮಟಾದಿಂದ ಇಳಿದು ಬಂದ. ಬಗಲಲ್ಲಿ ಕಂಪನಿಯ ಬಣ್ಣದ ಪುಸ್ತಕ, ಕೈಯಲ್ಲಿ ಇಪ್ಪತ್ತೆರಡು ಕಲಮಿನ ನಮೂನೆ.

"ಮಾಬ್ಲ, ಒಂದ್ ಗಳಿಗೆ ಬಾ. ೪೦೦ ಪ್ಲಸ್‌ಗೂ ೫೦೦ಕ್ಕೂ ಹೋಲ್ಸಿ ನೋಡ್ಬೇಕಂತೆ."

"೫೦೦ ಎಲ್ಲುಂಟು?"

"ಇನ್ನೂ ಬರ್ಲಿಲ್ಲ. ಪುಸ್ತಕದಲ್ಲಿ ಉಂಟು."

"ಪುಸ್ತಕ ನಂಗೆ ಓಡಿಸ್ಲಿಕ್ಕೆ ಬತ್ತಿಲ್ಲ ಸಾರ್. ನೀವೇ ಬರ್ಕಣಿ. ಶಾಯಿ ಕುಡಿಯೂದಿಲ್ಲ ಅಂತ ಬರೀಲಿಕ್ಕೆ ಮರೀಬೇಡಿ."

ದಕ್ಷಿಣದ ಬಂಡೆಗಳ ಕಡೆ ಕಾಲೇಜಿನ ಒಂದು ಗುಂಪು ಪ್ಯಾಂಟು ಮಡಚುತ್ತ ನೀರಿನತ್ತ ಹೋಗುತ್ತಿತ್ತು. ಮಾಬ್ಲ ಸೀಟಿಯನ್ನು ಬಾಯಿಗಿಟ್ಟು ಗುಂಡಿ ಒತ್ತಿದ. ಪ್ರದೀಪ ಎಳನೀರಿನ ಅಂಗಡಿಯ ಬೆಂಚಿನ ಮೇಲೆ ಕೂತು ಮೊದಲ ಕಲಮನ್ನು ತುಂಬತೊಡಗಿದ.